ಮೂರು ಮಕ್ಕಳು ಬೇಕೆನ್ನುವ ಮೊದಲು ಒಂದು ಮನೆ ಕೊಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಜಾಗದಲ್ಲಿ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರ ಪತ್ರ ಬಂದಿತ್ತು. ಮಲೆನಾಡಿನ ಹಳ್ಳಿಗಳಲ್ಲಿ ಮುದುಕರೇ ಉಳಿದಿದ್ದಾರೆ, ಮಕ್ಕಳಿಲ್ಲದೆ ಸರ್ಕಾರಿ ಶಾಲೆಗಳಿಗೆ ಬೀಗ ಬೀಳುತ್ತಿದೆ, ಹಾಗಾಗಿ ಇಲ್ಲಿನ ಪ್ರತಿ ದಂಪತಿ ಕನಿಷ್ಠ ಮೂರು ಮಕ್ಕಳನ್ನು ಹೆರಬೇಕು ಅಂತ ಅವರು ಬರೆದಿದ್ದರು. ಈಚೆಗೆ ಪಕ್ಕದ ರಾಜ್ಯಗಳ ದೊಡ್ಡ ನಾಯಕರೂ ಇದೇ ಮಾತು ಆಡುತ್ತಿದ್ದಾರೆ. ಪತ್ರ ಬರೆದವರ ಸಂಕಟ ನನಗೆ ಅರ್ಥವಾಗುತ್ತದೆ. ಮುಚ್ಚಿದ ಶಾಲೆಯ ಮುಂದೆ ಹಾದುಹೋದಾಗ ನನಗೂ ಹೊಟ್ಟೆ ಚುರ್ ಅನ್ನುತ್ತದೆ. ಆದರೆ ಅವರು ಹೇಳಿದ ಮದ್ದು ಸರಿಯಿಲ್ಲ. ಯಾಕೆ ಸರಿಯಿಲ್ಲ ಅಂತ ಹೇಳಲಿಕ್ಕೆ ಈ ಪತ್ರ. ಸ್ವಲ್ಪ ಉದ್ದವಾದೀತು, ದಯವಿಟ್ಟು ಕತ್ತರಿಸಬೇಡಿ.

ನಾನು ಸಾಗರ ತಾಲ್ಲೂಕಿನ ಹಿನ್ನೀರಿನ ಕಡೆ ಕಿರಿಯ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಊರವರ ಬಾಯಲ್ಲಿ ನರ್ಸಮ್ಮ. ಹೆರಿಗೆ, ಲಸಿಕೆ, ಬಸಿರು ತಡೆಯಲು ಒಳಗೆ ಹಾಕುವ ವಂಕಿ, ಮಕ್ಕಳು ಸಾಕೆಂದವರಿಗೆ ಆಪರೇಷನ್ನು, ಇವೇ ನನ್ನ ದಿನದ ಕೆಲಸ. ಎಷ್ಟು ಮಕ್ಕಳು ಬೇಕು, ಯಾವಾಗ ಬೇಕು, ಯಾಕೆ ಬೇಡ ಅನ್ನುವುದನ್ನು ಹೆಂಗಸರು ಅಡುಗೆಮನೆಯಲ್ಲಿ, ಹಟ್ಟಿಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನಗೆ ಹೇಳಿದ್ದಾರೆ. ಸಭೆಯಲ್ಲಿ ಯಾರೂ ಹೇಳುವುದಿಲ್ಲ.

ಇಷ್ಟು ಅನುಭವ ಇಟ್ಟುಕೊಂಡು ನಾನು ಒಂದು ಕಂಪ್ಯೂಟರ್ ಆಟದಿಂದ ಮಾತು ಶುರು ಮಾಡುತ್ತೇನೆ ಅಂದರೆ ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಅನ್ನಿಸಲಿ. ಜನಸಂಖ್ಯೆ ಅನ್ನುವುದು ಹೇಗೆ ನಡೆಯುತ್ತದೆ ಎಂದು ಇಷ್ಟು ಚೆನ್ನಾಗಿ ಕಣ್ಣಿಗೆ ಕಾಣುವ ಹಾಗೆ ತೋರಿಸಿದ ವಸ್ತು ನಮ್ಮ ಇಲಾಖೆಯ ತರಬೇತಿಗಳಲ್ಲೂ ನಾನು ನೋಡಿರಲಿಲ್ಲ.

ಆಟದ ಹೆಸರು ಬ್ಯಾನಿಷ್ಡ್. 2014ರ ಫೆಬ್ರುವರಿಯಲ್ಲಿ ಬಂದದ್ದು. ಲ್ಯೂಕ್ ಹೊಡೊರೊವಿಚ್ ಎನ್ನುವ ಒಬ್ಬರೇ ಕೂತು ಮಾಡಿದ ಆಟ. ನನ್ನ ಮೊಮ್ಮಗ ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಾನೆ, ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಇದನ್ನು ಆಡುತ್ತಾನೆ. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಶತ್ರುಗಳಿಲ್ಲ. ತಮ್ಮ ಊರಿನಿಂದ ಹೊರದೂಡಲ್ಪಟ್ಟ ನಾಲ್ಕೈದು ಕುಟುಂಬಗಳು ಒಂದು ಕಾಡಿಗೆ ಬಂದು ನಿಂತಿರುತ್ತವೆ. ಕೈಯಲ್ಲಿ ಸ್ವಲ್ಪ ಆಹಾರ, ಸ್ವಲ್ಪ ಬಟ್ಟೆ, ಕೆಲವು ಹತಾರ. ಅಲ್ಲಿಂದ ಊರು ಕಟ್ಟಬೇಕು. ಹಣ ಅನ್ನುವುದೇ ಇಲ್ಲ. ವ್ಯಾಪಾರದ ದೋಣಿ ಬಂದರೂ ವಸ್ತುವಿಗೆ ವಸ್ತು ಕೊಡಬೇಕು. ಊರಿನ ಆಸ್ತಿ ಅಂದರೆ ಜನ ಮಾತ್ರ. ಮೀನು ಹಿಡಿಯುವವರು, ಸೌದೆ ಒಡೆಯುವವರು, ಹೊಲ ಮಾಡುವವರು, ಕಾಡಿನಿಂದ ಅಣಬೆ, ಬೇರು, ಹಣ್ಣು ಆರಿಸಿ ತರುವವರು. ಚಳಿಗಾಲಕ್ಕೆ ಸೌದೆ ಸಾಲದಿದ್ದರೆ ಸಾಯುತ್ತಾರೆ. ಊಟ ಸಾಲದಿದ್ದರೆ ಸಾಯುತ್ತಾರೆ. ವಯಸ್ಸಾಗಿಯೂ ಸಾಯುತ್ತಾರೆ. ಹಾಗಾಗಿ ಹೊಸ ಮಕ್ಕಳು ಹುಟ್ಟುತ್ತಲೇ ಇರಬೇಕು.

ಮುಳುಗಡೆ ಕುಟುಂಬಗಳ ನಡುವೆ ಕೆಲಸ ಮಾಡಿದ ನನಗೆ ಆ ಮೊದಲ ಚಿತ್ರ ನೋಡಿಯೇ ಮೈ ಜುಂ ಅಂದಿತು. ಕಾಡಿನ ನಡುವೆ ಸಾಮಾನು ಇಳಿಸಿಕೊಂಡು ನಿಂತವರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ತುಂಬಿ ಊರುಗಳು ಮುಳುಗಿದಾಗ ನಮ್ಮ ಜನರನ್ನು ಲಾರಿಯಲ್ಲಿ ತಂದು ಹೀಗೇ ಇಳಿಸಿದ್ದರು ಅಂತ ಹಿರಿಯರು ಹೇಳುತ್ತಿದ್ದರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಮುಖ್ಯ ಮಾತು. ಈ ಆಟದಲ್ಲಿ ಆಡುವವನು ಇಡೀ ಊರಿನ ಯಜಮಾನ. ಯಾರು ಯಾವ ಕೆಲಸ ಮಾಡಬೇಕು ಎಂದು ಅವನೇ ಹೇಳುತ್ತಾನೆ. ಯಾವ ಮರ ಕಡಿಯಬೇಕು, ಎಲ್ಲಿ ರಸ್ತೆ, ಎಲ್ಲಿ ಶಾಲೆ, ಎಲ್ಲವೂ ಅವನ ಕೈಯಲ್ಲಿ. ಆದರೆ "ಮಕ್ಕಳನ್ನು ಹೆರಿ" ಎಂದು ಹೇಳುವ ಬಟನ್ ಮಾತ್ರ ಅದರಲ್ಲಿ ಇಲ್ಲ. ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಮನೆ ಕಟ್ಟುವ ಬಟನ್ ಇದೆ. ಅಷ್ಟೇ.

ಖಾಲಿ ಮನೆ ಒಂದಿದ್ದರೆ ಹರೆಯದ ಹುಡುಗ ಹುಡುಗಿ ಅಪ್ಪ ಅಮ್ಮನ ಮನೆ ಬಿಟ್ಟು ಬಂದು ಅಲ್ಲಿ ಜೋಡಿಯಾಗಿ ಸಂಸಾರ ಹೂಡುತ್ತಾರೆ. ಆಮೇಲೆ ಮಕ್ಕಳಾಗುತ್ತವೆ. ಒಂದು ಮನೆಯಲ್ಲಿ ಐದು ಜನಕ್ಕೆ ಜಾಗ. ಖಾಲಿ ಮನೆ ಇಲ್ಲದಿದ್ದರೆ ಬೆಳೆದ ಮಕ್ಕಳು ಅಪ್ಪ ಅಮ್ಮನ ಜೊತೆಯಲ್ಲೇ ಉಳಿಯುತ್ತಾರೆ. ದುಡಿಯುತ್ತಾರೆ, ಉಣ್ಣುತ್ತಾರೆ, ಜೋಡಿಯಾಗುವುದಿಲ್ಲ. ವಯಸ್ಸು ಸುಮ್ನೆ ಏರುತ್ತದೆ. ಹೆಣ್ಣಿನ ಹೆರುವ ವಯಸ್ಸು ದಾಟಿದ ಮೇಲೆ ಅರಮನೆ ಕಟ್ಟಿಕೊಟ್ಟರೂ ಆ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ.

ನನ್ನ ಮೊಮ್ಮಗನ ಊರಿಗೆ ಆದದ್ದು ಇದೇ. ಒಂದು ದಿನ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದ. "ಅಮ್ಮಮ್ಮ, ಕಣಜದಲ್ಲಿ ಊಟ ಬೇಕಾದಷ್ಟಿದೆ, ಸೌದೆ ಇದೆ, ಯಾರಿಗೂ ಕಾಯಿಲೆ ಇಲ್ಲ. ಆದ್ರೂ ಮಕ್ಕಳೇ ಹುಟ್ತಾ ಇಲ್ಲ" ಅಂದ. ನಾನು ಸರ್ವೆಗೆ ಹೋದಾಗ ಕೇಳುವ ಪ್ರಶ್ನೆಗಳನ್ನೇ ಕೇಳಿದೆ. "ಮದುವೆ ವಯಸ್ಸಿನವರು ಎಷ್ಟು ಜನ ಇದ್ದಾರೆ ಮಾರಾಯ? ಅದರಲ್ಲಿ ಬೇರೆ ಮನೆ ಮಾಡಿದವರೆಷ್ಟು?" ಅವನು ಒಂದೊಂದೇ ಮನೆ ಒತ್ತಿ ನೋಡಿದ. ಮನೆಮನೆಯಲ್ಲೂ ಅಪ್ಪ, ಅಮ್ಮ, ಮೂವತ್ತು ದಾಟಿದ ಮಗ, ಮೂವತ್ತು ದಾಟಿದ ಮಗಳು. ಊಟ ಉಳಿಸಲಿಕ್ಕೆ ಅಂತ ಅವನು ಬಹಳ ಕಾಲದಿಂದ ಹೊಸ ಮನೆ ಕಟ್ಟುವುದನ್ನೇ ನಿಲ್ಲಿಸಿಬಿಟ್ಟಿದ್ದ. ಊರು ನೋಡಲಿಕ್ಕೆ ಗಟ್ಟಿಯಾಗಿಯೇ ಇತ್ತು. ಒಳಗೆ ಒಂದು ತಲೆಮಾರೇ ಬಾಣಂತನ ಕಾಣದೆ ಕಳೆದುಹೋಗಿತ್ತು.

ಈ ಆಟದಲ್ಲಿ ಒಂದು ವರ್ಷ ಕಳೆದರೆ ಜನರಿಗೆ ಸುಮಾರು ಐದು ವರ್ಷ ವಯಸ್ಸಾಗುತ್ತದೆ. ಹಾಗಾಗಿ ಇವತ್ತು ಮಾಡಿದ್ದು ಕಣ್ಣೆದುರೇ ಫಲ ಕೊಡುತ್ತದೆ. ನಿಜವಾದ ಹಳ್ಳಿಯಲ್ಲಿ ಅದೇ ಫಲ ಕಾಣಲು ಇಪ್ಪತ್ತು ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ತಪ್ಪು ಮಾಡಿದ ಅಧಿಕಾರಿ ನಿವೃತ್ತನಾಗಿರುತ್ತಾನೆ, ಯಾರನ್ನೂ ಕೇಳುವ ಹಾಗಿರುವುದಿಲ್ಲ.

ಮೊಮ್ಮಗ ಗಾಬರಿಯಲ್ಲಿ ಒಂದೇ ಸಲಕ್ಕೆ ಸಾಲುಸಾಲು ಮನೆ ಕಟ್ಟಿದ. ಹರೆಯದವರೆಲ್ಲ ಒಟ್ಟಿಗೇ ಬೇರೆಯಾದರು. ಎಲ್ಲರ ಮನೆಯಲ್ಲೂ ಕೂಸು. ಅವನು ಖುಷಿಯಿಂದ ನನ್ನನ್ನು ಕರೆದು ತೋರಿಸಿದ. ನನಗೆ ಭಯವಾಯಿತು. ಒಬ್ಬೊಬ್ಬರಿಗೆ ವರ್ಷಕ್ಕೆ ಸುಮಾರು ನೂರು ಪಾಲು ಆಹಾರ ಬೇಕು. ಕೂಸು ಉಣ್ಣುತ್ತದೆ, ದುಡಿಯುವುದಿಲ್ಲ. ದುಡಿಯುವ ಕೈಗಳು ಅಷ್ಟೇ ಇವೆ. ಊಟ ಜಾಸ್ತಿ ಬೇಕೆಂದು ಅವನು ಕಾಡು ಕಡಿದು ಹೊಲ ಮಾಡಿದ. ಕಾಡು ಹೋದದ್ದರಿಂದ ಅಣಬೆ, ಬೇರು ಆರಿಸಿ ತರುವವರ ಬುಟ್ಟಿ ಖಾಲಿಯಾಯಿತು. ಆ ಆಟದಲ್ಲಿ ಹಳೆಯ ದಟ್ಟ ಕಾಡಿನಲ್ಲೇ ಆರಿಸುವವರಿಗೆ ಹೆಚ್ಚು ಸಿಗುವುದು, ಇದು ನಮ್ಮ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಚಳಿಗಾಲ ಹೇಗೋ ಕಳೆಯಿತು. ಮೂರನೆಯದರಲ್ಲಿ ಹಸಿವಿನಿಂದ ಸತ್ತವರ ಹೆಸರುಗಳು ಒಂದರ ಹಿಂದೆ ಒಂದು ಬರತೊಡಗಿದವು. ಮೊಮ್ಮಗನ ಕಣ್ಣು ತುಂಬಿತ್ತು. ಆಟ ಅಲ್ವಾ ಅಂತ ನಾನು ಅನ್ನಲಿಲ್ಲ. ಹೆಸರಿಟ್ಟ ಮಕ್ಕಳು ಸತ್ತರೆ ಅಳುವ ಹುಡುಗ ನನಗೆ ಬೇಕಾದ ಹುಡುಗ.

ಉಳಿದುಕೊಂಡವರ ಕಥೆ ಇನ್ನೂ ಇದೆ. ಒಟ್ಟಿಗೆ ಹುಟ್ಟಿದವರು ಒಟ್ಟಿಗೇ ಬೆಳೆದರು, ಒಟ್ಟಿಗೇ ಮನೆ ಕೇಳಿದರು, ಒಟ್ಟಿಗೇ ಮುದುಕರಾದರು. ಆಟದಲ್ಲಿ ಪುರಸಭೆಯ ಕಟ್ಟಡ ಕಟ್ಟಿದರೆ ದೊಡ್ಡವರು, ವಿದ್ಯಾರ್ಥಿಗಳು, ಮಕ್ಕಳು ಎಷ್ಟೆಷ್ಟು ಎಂದು ಬೇರೆಬೇರೆ ಗೆರೆಗಳಲ್ಲಿ ತೋರಿಸುತ್ತದೆ. ಆ ಗೆರೆಗಳು ಏರಿ ಇಳಿದು ಏರಿ ಇಳಿದು ಹೋಗಿದ್ದವು. ಒಂದು ಸಲ ಶಾಲೆಯಲ್ಲಿ ಜಾಗ ಸಾಲದು, ಏಕೆಂದರೆ ಅಲ್ಲಿ ಒಂದು ಶಾಲೆಗೆ ಇಪ್ಪತ್ತೇ ಮಕ್ಕಳು. ಇನ್ನೊಂದು ಸಲ ಮೇಷ್ಟ್ರು ಖಾಲಿ ಬೆಂಚುಗಳ ಮುಂದೆ. ಚೆನ್ನಾಗಿ ಆಡುವವರು ಮಾಡುವುದೇನು ಅಂದರೆ, ವರ್ಷಕ್ಕೆ ಒಂದೋ ಎರಡೋ ಮನೆ, ಆದರೆ ತಪ್ಪದೆ, ಪ್ರತಿ ವರ್ಷ. ಸುಗ್ಗಿ ಚೆನ್ನಾಗಿ ಬಂತೆಂದು ಹತ್ತು ಕಟ್ಟುವುದಿಲ್ಲ, ಬೆಳೆ ಹೋಯಿತೆಂದು ನಿಲ್ಲಿಸುವುದೂ ಇಲ್ಲ.

ಆ ಗೆರೆಗಳನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಅರ್ಹ ದಂಪತಿಗಳ ರಿಜಿಸ್ಟರ್. ಪ್ರತಿ ವರ್ಷ ಮನೆಮನೆ ಸರ್ವೆ ಮಾಡಿ ಬರೆಯುತ್ತಿದ್ದೆವು. ಗಂಡನ ಹೆಸರು, ಹೆಂಡತಿಯ ಹೆಸರು, ವಯಸ್ಸು, ಬದುಕಿರುವ ಮಕ್ಕಳೆಷ್ಟು, ಕೊನೆಯ ಮಗುವಿನ ವಯಸ್ಸೆಷ್ಟು, ಏನು ವಿಧಾನ ಬಳಸುತ್ತಿದ್ದಾರೆ. ಜನಗಣತಿ ಹತ್ತು ವರ್ಷಕ್ಕೊಮ್ಮೆ ಹೇಳುವುದನ್ನು ಆ ಪುಸ್ತಕ ಪ್ರತಿ ಏಪ್ರಿಲ್‌ನಲ್ಲಿ ಹೇಳುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿಗೆ ಪುಟಗಟ್ಟಲೆ ಜೋಡಿಗಳಿದ್ದವು. ಕೊನೆಕೊನೆಗೆ ಅದೇ ಊರು ಒಂದು ಪುಟದಲ್ಲಿ ಮುಗಿಯುತ್ತಿತ್ತು. ಹೊಸ ಸೊಸೆಯ ಹೆಸರು ಬರೆಯುವ ಸಂದರ್ಭವೇ ಅಪರೂಪ. ಮಕ್ಕಳು ಕಡಿಮೆಯಾಗುವ ಮೊದಲು ಜೋಡಿಗಳು ಕಡಿಮೆಯಾದವು. ತೀರ್ಥಹಳ್ಳಿಯ ಹಿರಿಯರು ದಯವಿಟ್ಟು ಇದನ್ನು ಗಮನಿಸಬೇಕು. ಇರುವ ದಂಪತಿಗಳು ಮೂರು ಹೆರಲಿಲ್ಲ ಎಂದು ಶಾಲೆ ಮುಚ್ಚಿದ್ದಲ್ಲ. ದಂಪತಿಗಳೇ ಊರಲ್ಲಿ ಇಲ್ಲ.

ಹೆರಿ ಎನ್ನುವುದಕ್ಕೂ ಹೆರಬೇಡಿ ಎನ್ನುವುದಕ್ಕೂ ಮೇಲಿನಿಂದ ಅಪ್ಪಣೆ ಕೊಟ್ಟರೆ ಏನಾಗುತ್ತದೆ ಎಂದು ನಾನು ಸ್ವಲ್ಪ ಬಲ್ಲೆ. ಈ ವಿಷಯದಲ್ಲಿ ನಮ್ಮ ನಾಡು ಬಹಳ ಮುಂದಿತ್ತು. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಆಮೇಲೆ ಕೆಂಪು ತ್ರಿಕೋನ, ಗೋಡೆ ಬರಹ, ನಾವಿಬ್ಬರು ನಮಗಿಬ್ಬರು. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಆಪರೇಷನ್ನುಗಳ ಭಯ ನಾನು ಕೆಲಸಕ್ಕೆ ಸೇರುವ ಹೊತ್ತಿಗೂ ಪೂರ್ತಿ ಹೋಗಿರಲಿಲ್ಲ. ನಮಗೂ ಟಾರ್ಗೆಟ್ ಇತ್ತು. ಮಾರ್ಚ್ ಬಂತೆಂದರೆ ಇಷ್ಟು ಆಪರೇಷನ್, ಇಷ್ಟು ವಂಕಿ. ಮನೆಯ ಅಂಗಳಕ್ಕೆ ಕಾಲಿಟ್ಟರೆ ಹೆಂಗಸರು ಹಿತ್ತಿಲ ಬಾಗಿಲಿಂದ ತೋಟಕ್ಕೆ ಹೋಗಿಬಿಡುತ್ತಿದ್ದರು. 1996ರಲ್ಲಿ ದೇಶದಲ್ಲೆಲ್ಲ ಟಾರ್ಗೆಟ್ ತೆಗೆದರು. ಆಗ ಬಾಗಿಲು ತೆರೆದುಕೊಂಡವು. ಬೇರೆ ಮಾತಿಗೆ ಕೂತ ಹೆಂಗಸರು ತಾವಾಗಿಯೇ ಕೇಳತೊಡಗಿದರು: "ನರ್ಸಮ್ಮ, ಇನ್ನು ಮೂರು ವರ್ಷ ತಡ ಮಾಡ್ಲಿಕ್ಕೆ ಏನಾದ್ರೂ ಇದ್ಯಾ?"

ಮಕ್ಕಳು ಕಡಿಮೆಯಾದದ್ದು ಗೋಡೆ ಬರಹದಿಂದ ಅಂತ ನಾನು ನಂಬುವುದಿಲ್ಲ. ಹುಟ್ಟಿದ ಕೂಸು ಉಳಿಯುತ್ತದೆ ಎಂಬ ಧೈರ್ಯ ಬಂತು, ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದರು, ಮದುವೆ ತಡವಾಯಿತು. ಆಟದಲ್ಲೂ ಹಾಗೇ ಇದೆ ನೋಡಿ. ಶಾಲೆ ಇಲ್ಲದ ಊರಿನಲ್ಲಿ ಹತ್ತು ವರ್ಷಕ್ಕೇ ಮಗು ಕೂಲಿಗೆ ಬರುತ್ತದೆ. ಶಾಲೆ ಇದ್ದರೆ ಹದಿನಾರು ಹದಿನೇಳರವರೆಗೆ ಓದುತ್ತದೆ, ಸಂಸಾರ ತಡವಾಗುತ್ತದೆ, ಆದರೆ ಕೆಲಸಕ್ಕೆ ಬಂದಾಗ ಓದದವನಿಗಿಂತ ಜಾಸ್ತಿ ಗಳಿಸಿ ತರುತ್ತದೆ. ಹುಟ್ಟು ಸ್ವಲ್ಪ ಕಡಿಮೆಯಾದರೂ ಊರು ಉಣ್ಣುತ್ತದೆ.

2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಿದ್ದವು. 2019-21ರ ಸಮೀಕ್ಷೆಯಲ್ಲಿ 1.7. ಅಪ್ಪ ಅಮ್ಮನ ಜಾಗವನ್ನು ಮಕ್ಕಳು ತುಂಬಬೇಕಾದರೆ 2.1 ಬೇಕು. ಹಾಗಿದ್ದರೂ ರಾಜ್ಯದ ಜನಸಂಖ್ಯೆ ಕುಸಿದಿಲ್ಲ, ಏಕೆಂದರೆ ಹಿಂದೆ ಹುಟ್ಟಿದ ದೊಡ್ಡ ತಲೆಮಾರು ಈಗ ಹೆರುವ ವಯಸ್ಸಿನಲ್ಲಿದೆ. ಅವರು ಆ ವಯಸ್ಸು ದಾಟಿದ ಮೇಲೆ ಲೆಕ್ಕ ಬೇರೆಯಾಗುತ್ತದೆ. ಮಲೆನಾಡಿಗೆ ಅದು ಮೊದಲೇ ಬಂದಿದೆ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905 ಇದ್ದದ್ದು 2011ರಲ್ಲಿ 11,37,961 ಆಯಿತು. ಹತ್ತು ವರ್ಷದಲ್ಲಿ ಬೆಳೆಯುವ ಬದಲು ಇಳಿಯಿತು. ಅಲ್ಲಿ ಯುದ್ಧವಾಗಿಲ್ಲ, ಬರ ಬಂದು ಜನ ಸತ್ತಿಲ್ಲ. ಹರೆಯದವರು ಹೊರಟುಹೋದರು.

ಹೊರಟುಹೋಗುವುದು, ಇದು ಮಾತ್ರ ಆ ಆಟದಲ್ಲಿ ಇಲ್ಲ. ಅಲ್ಲಿ ಬೆಳೆದ ಮಗ ಬೆಂಗಳೂರಿನ ಬಸ್ಸು ಹತ್ತುವುದಿಲ್ಲ, ಮನೆ ಸಿಗುವವರೆಗೆ ಊರಲ್ಲೇ ಕಾಯುತ್ತಾನೆ. ನಮ್ಮಲ್ಲಿ ಯಾಕೆ ಕಾಯಬೇಕು? ಹಿಂದೆ ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರಂತೆ. ಈಗ ಜ್ವರ ಇಲ್ಲ, ಆದರೂ ಊರಲ್ಲಿ ಉಳಿದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. ಹುಡುಗಿಯರನ್ನು ಬೈಯುತ್ತಾರೆ. ಬೈಯುವುದು ಬೇಡ. ಅತ್ತೆ, ಮಾವ, ಮೈದುನ ಎಲ್ಲರೂ ಇರುವ ಎರಡು ಕೋಣೆಯ ಮನೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲ. ಬಸ್ಸಿಗೆ ಗುಡ್ಡ ಇಳಿಯಬೇಕು. ಅಡಿಕೆಗೆ ಎಲೆಚುಕ್ಕೆ ರೋಗ. ಓದಿದ ಹುಡುಗಿ ಯೋಚನೆ ಮಾಡದೆ ಇರುತ್ತಾಳಾ? ನನ್ನ ಮಗಳಾದರೂ ಯೋಚಿಸುತ್ತಾಳೆ.

ಮೊಮ್ಮಗ ಆಡುವ ಆಟದಲ್ಲಿ ಮನೆಗೆ ಬೇಕಾದದ್ದು ಮರ ಮತ್ತು ಕಲ್ಲು. ನಮ್ಮಲ್ಲಿ ಮರ, ಕಲ್ಲಿಗೆ ಮೊದಲು ಬೇಕಾದದ್ದು ಹಕ್ಕುಪತ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ಬೆಳಕು ಕೊಡಲು ಹೊಲ, ಮನೆ, ದೇವಸ್ಥಾನ ಬಿಟ್ಟುಬಂದ ಜನರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಕೂತ ಜಾಗ ನಮ್ಮದು ಎಂದು ಕಾಗದ ತೋರಿಸಲಾರವು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಅದನ್ನು ಸಕ್ರಮ ಮಾಡಿಸಲು ಭೂ ಕಂದಾಯ ಕಾಯ್ದೆಯ 94ಸಿ ಕಲಮಿನ ಅಡಿ ಅರ್ಜಿ ಇದೆ, ಆದರೆ ದಾಖಲೆಯಲ್ಲಿ ಅರಣ್ಯ ಎಂದಿದ್ದರೆ ಅದು ನಡೆಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹೋದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವೆಂದು ತೋರಿಸಬೇಕು. ಅಣೆಕಟ್ಟು ಕಟ್ಟಿದ ಮೇಲೆ ಸರ್ಕಾರವೇ ತಂದು ಬಿಟ್ಟವರು 75 ವರ್ಷದ ದಾಖಲೆ ಎಲ್ಲಿಂದ ತರಬೇಕು? ಕಾಗದ ಇಲ್ಲದಿದ್ದರೆ ವಸತಿ ಯೋಜನೆಯ ಮನೆ ಇಲ್ಲ, ಬ್ಯಾಂಕ್ ಸಾಲ ಇಲ್ಲ. ಇದ್ದ ಸೂರಿಗೆ ಇನ್ನೊಂದು ಕೋಣೆ ಇಳಿಸಲೂ ಭಯ. ಅಂಥ ಮನೆಯ ಮಗ ಮದುವೆಯಾಗುವುದು ಎಲ್ಲಿ, ಇರುವುದು ಎಲ್ಲಿ? ನನ್ನ ರಿಜಿಸ್ಟರಿನಲ್ಲಿ ಜೋಡಿಗಳ ಸಾಲು ಯಾಕೆ ಖಾಲಿಯಾಯಿತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಂಡಿಲ್ಲ. ನಾವು ಹೊಸ ಮನೆ ಕಟ್ಟಲು ಬಿಡದೆ ಊರನ್ನು ಉಳಿಸಿಕೊಂಡಿದ್ದೇವೆ ಅಂದುಕೊಂಡೆವು.

ಕಾಡು ಕಡಿದು ಊರು ಮಾಡಿ ಎಂದು ನಾನು ಹೇಳುತ್ತಿಲ್ಲ. ಮೊಮ್ಮಗನ ಹೊಲದ ಗತಿ ಮೇಲೆ ಬರೆದಿದ್ದೇನೆ. ಆಗಲೇ ಜನ ಕೂತು ಅರವತ್ತು ವರ್ಷವಾದ ಜಾಗಕ್ಕೆ ಕಾಗದ ಕೊಡಿ, ಆ ಅಂಗಳದಲ್ಲೇ ಇನ್ನೊಂದು ಮನೆ ಏಳಲು ಬಿಡಿ ಅನ್ನುತ್ತಿದ್ದೇನೆ.

ಇನ್ನೊಂದು ವಿಷಯ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಆ ಆಟದಲ್ಲಿ ಆಗಾಗ ಒಂದು ಸಾಲು ಬರುತ್ತದೆ. ಇಂಥವಳು ಹೆರಿಗೆಯಲ್ಲಿ ತೀರಿಕೊಂಡಳು ಎಂದು. ಒಂದೇ ಸಾಲು. ಮೊಮ್ಮಗ ಅದನ್ನು ನೋಡಿ ಮುಂದೆ ಹೋದ. ನಾನು ಅವನ ಕೈ ಹಿಡಿದು ನಿಲ್ಲಿಸಿದೆ. ಹಿನ್ನೀರಿನ ಆಚೆಯ ಊರುಗಳಲ್ಲಿ ಬಸುರಿಗೆ ನೋವು ಬಂದರೆ ಹೊಳೆಬಾಗಿಲಿನ ಕಡವಿನಲ್ಲಿ ನೀರು ದಾಟಿಸುವ ಲಾಂಚ್ ಕಾಯಬೇಕಿತ್ತು. ಸಂಜೆಯ ಮೇಲೆ ಲಾಂಚ್ ಇಲ್ಲ. ಮಳೆ, ಗಾಳಿ, ಕತ್ತಲೆ, ಚಿಮಣಿ ದೀಪ. ಸೂಲಗಿತ್ತಿ ಅಜ್ಜಿ ಮತ್ತು ನಾನು. ಕೂಸು ಅಡ್ಡ ತಿರುಗಿದ್ದರೆ ದೇವರನ್ನು ಕರೆಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. 2008ರಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು, ಆದರೆ ಆಂಬುಲೆನ್ಸೂ ನೀರಿನ ಈಚೆಗೆ ನಿಲ್ಲಬೇಕಲ್ಲ. ಸಿಗಂದೂರಿನ ಸೇತುವೆ ಆದದ್ದು 2025ರ ಜುಲೈನಲ್ಲಿ. ಆ ದಿನ ಟಿವಿ ಮುಂದೆ ಕೂತು ನಾನು ಅತ್ತೆ. ಸೇತುವೆ ಬಂದ ದಿನ ಜನ ಪ್ರವಾಸಿಗರ ಬಗ್ಗೆ ಮಾತಾಡಿದರು. ನನಗೆ ನೆನಪಾದದ್ದು ಆ ಬಸುರಿಯರು.

ಹೆರುವವರು ದಂಪತಿ ಅಲ್ಲ. ಹೆಂಗಸು. ಮೂರು ಹೆರಬೇಕು ಎಂದು ಬರೆಯುವಾಗ ಮೂರು ಸಲ ಅವಳು ಆ ಹೊಳೆ ದಾಟುತ್ತಾಳೆ ಎಂದು ನೆನಪಿಡಬೇಕು. ಆಟದಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ. ಮನೆ ಸಿಕ್ಕಿತು, ಕೂಸು ಬಂತು. ಎಷ್ಟು ಅಂತರ ಬೇಕು, ಮೈಯಲ್ಲಿ ರಕ್ತ ಇದೆಯಾ, ಇನ್ನು ಸಾಕಾ ಅನ್ನುವ ಮಾತೇ ಇಲ್ಲ. ಗಂಡು ಕೂಸೇ ಬೇಕು ಎಂದು ಕಾಡುವ ಅತ್ತೆಯೂ ಅಲ್ಲಿಲ್ಲ, ಅದು ಒಳ್ಳೆಯದು. ನಮ್ಮಲ್ಲಿ ಒಂದು ಗಂಡಾಗಲಿ ಎಂದು ನಾಲ್ಕು ಹೆತ್ತ ತಾಯಂದಿರ ಬಿಳಿಚಿದ ಮುಖ ನನಗೆ ಮರೆಯುವುದಿಲ್ಲ. ಅವರಿಗೆ ಕಬ್ಬಿಣದ ಮಾತ್ರೆ ಕೊಟ್ಟು, ನುಂಗಿದಿರಾ ಎಂದು ಕೇಳುತ್ತಾ ತಿರುಗಿದ್ದೇನೆ. ನಾಳೆ ಪಂಚಾಯಿತಿಯಲ್ಲಿ ಮೂರು ಮಕ್ಕಳಿಗೆ ಬಹುಮಾನ ಎಂದು ಬೋರ್ಡು ಹಾಕಿದರೆ ಮತ್ತೆ ಅದೇ ಹೆಂಗಸರ ಮೇಲೆ ಒತ್ತಡ ಬೀಳುತ್ತದೆ. ಮೊದಲು ಬೇಡ ಎಂದು ಹೆದರಿಸಿದೆವು. ಈಗ ಬೇಕು ಎಂದು ಹೆದರಿಸುವುದು ಬೇಡ.

ಆಟದಲ್ಲಿ ಊರು ದೊಡ್ಡದಾದ ಮೇಲೆ ಅಲೆಮಾರಿಗಳ ಗುಂಪು ಬಂದು ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳುತ್ತದೆ. ಸೇರಿಸಿಕೊಂಡರೆ ಒಂದೇ ಸಲ ಕೈಗಳು ಜಾಸ್ತಿಯಾಗುತ್ತವೆ. ಆದರೆ ಅವರಿಗೆ ಮನೆ ಬೇಕು, ಓದು ಇರುವುದಿಲ್ಲ, ಕಾಯಿಲೆ ಬರಬಹುದು, ಆಸ್ಪತ್ರೆ ಸಿದ್ಧ ಇರಬೇಕು. ನಮ್ಮ ಅಡಿಕೆ ಕೊಯ್ಲಿಗೆ, ಕಾಫಿ ತೋಟಕ್ಕೆ ಈಗ ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ ಕುಟುಂಬಗಳು ಬರುತ್ತಿವೆ. ಅವರ ಮಕ್ಕಳು ತೋಟದ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳ ಮುಂದೆ ಆಡುತ್ತಿರುತ್ತವೆ. ಹಲವು ಕಡೆ ತಾಯಿ ಕಾರ್ಡ್ ಇಲ್ಲ, ಲಸಿಕೆ ಅರ್ಧಕ್ಕೇ ನಿಂತಿರುತ್ತದೆ, ಅಂಗನವಾಡಿಗೆ ಹೆಸರು ಹಚ್ಚಿರುವುದಿಲ್ಲ. ಮುಚ್ಚಲಿರುವ ಶಾಲೆಗೆ ಹತ್ತು ಮಕ್ಕಳು ಬೇಕೆಂದು ಅಳುವ ಊರಿನಲ್ಲೇ ಶಾಲೆಗೆ ಹೋಗದ ಮಕ್ಕಳು ಇದ್ದಾರೆ. ಅವರೂ ನಮ್ಮ ಊರಿನ ಮಕ್ಕಳಲ್ವಾ? ಕಾಯಿಲೆ ಹೊರಗಿನಿಂದ ಬರುತ್ತದೆ ಎನ್ನುವವರಿಗೆ ಒಂದು ಮಾತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಪ್ರತಿ ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯಲ್ಲಿ ಇಪ್ಪತ್ತೈದರಿಂದ ಮೂವತ್ತೈದು ವರ್ಷದ ಎಷ್ಟು ಮಂದಿ ಊರಲ್ಲೇ ಇದ್ದಾರೆ, ಅವರಲ್ಲಿ ಬೇರೆ ಮನೆ ಇಲ್ಲದವರು ಯಾರು, ನಿವೇಶನಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು ಯಾರು ಎಂದು ಪಟ್ಟಿ ಮಾಡಲಿ. ಆಶಾ ಕಾರ್ಯಕರ್ತೆಯರ ಹತ್ತಿರ ಅರ್ಧ ಮಾಹಿತಿ ಆಗಲೇ ಇದೆ, ಅವರನ್ನು ಕೇಳಿದರೆ ಸಾಕು. ವರ್ಷಕ್ಕೆ ಎರಡು ನಿವೇಶನವಾದರೂ ಸರಿ, ಆದರೆ ಪ್ರತಿ ವರ್ಷ ಕೊಡಲಿ. ಚುನಾವಣೆಯ ವರ್ಷ ಐವತ್ತು ಕೊಟ್ಟು ಆಮೇಲೆ ಹತ್ತು ವರ್ಷ ಮಲಗುವುದು ಬೇಡ. ನರ್ಸ್ ಇಲ್ಲದ ಉಪಕೇಂದ್ರಗಳಿಗೆ ನರ್ಸ್ ಹಾಕಲಿ. ಲೈನ್ ಮನೆಗಳ ಮಕ್ಕಳನ್ನು ಜೂನ್‌ನಲ್ಲೇ ಶಾಲೆಗೆ ಸೇರಿಸಲಿ.

ಸಂಪಾದಕರೇ, ನಿಮ್ಮ ಹತ್ತಿರವೂ ಒಂದು ಬೇಡಿಕೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಕ್ಕುಪತ್ರದ ಅರ್ಜಿ ಎಷ್ಟು ಬಾಕಿ ಇವೆ, ಯಾವ ಕಾರಣಕ್ಕೆ ಬಾಕಿ ಇವೆ ಎಂದು ನಿಮ್ಮ ವರದಿಗಾರರನ್ನು ಕಳುಹಿಸಿ ಪಂಚಾಯಿತಿವಾರು ಪ್ರಕಟಿಸಿ. ಅರ್ಜಿದಾರರ ವಯಸ್ಸನ್ನೂ ಹಾಕಿ. ತೀರ್ಥಹಳ್ಳಿಯ ಆ ಹಿರಿಯರು ಒಪ್ಪಿದರೆ ನಮ್ಮ ತಾಲ್ಲೂಕಿನ ಪಟ್ಟಿ ಮಾಡಲು ಅವರ ಜೊತೆ ನಾನೂ ಮನೆಮನೆಗೆ ಬರುತ್ತೇನೆ.

ಇತಿ,
ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ,
ಸಾಗರ, ಶಿವಮೊಗ್ಗ ಜಿಲ್ಲೆ